ಜಾಲಿ ಪತಂಗದ ಒಂದು ರೆಕ್ಕೆ

ಕರಿಜಾಲಿ ಗಿಡದ ಪತಂಗವನ್ನು ಗುರುತು ಹಿಡಿಯುವುದು ನನಗೆ ಬರುತ್ತದೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ಹೆಂಗಸಿಗೆ ಇದು ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ನನ್ನ ಗಂಡ ನನ್ನನ್ನು ಎದುರಿಗೆ ಕೂಡ್ರಿಸಿಕೊಂಡು ಕಲಿಸಿದ್ದು ಇದೊಂದೇ.

ದೀಪಕ್ಕೆ ಬರುವ ಬಹಳಷ್ಟು ಹುಳಗಳು ಕಂಬಳಿ ಕೊಪ್ಪಿ ಹೊದ್ದವರ ಹಾಗೆ ರೆಕ್ಕೆಯನ್ನು ಬೆನ್ನ ಮೇಲೆ ಇಳಿಬಿಟ್ಟು ಕೂಡುತ್ತವೆ. ಇದು ಹಾಗಲ್ಲ. ಒಣಹಾಕಿದ ಅರಿವೆಯಂತೆ ನಾಲ್ಕೂ ರೆಕ್ಕೆ ಬಿಚ್ಚಿ ಗೋಡೆಗೆ ಅಂಟಿಕೊಂಡು ಬಿಡುತ್ತದೆ. ಮೈ ಸಣ್ಣದು, ನೂಲಿನ ಎಳೆಯಷ್ಟು. ಹಿಂದಿನ ರೆಕ್ಕೆಯ ಅಂಚು ನಡುವೆ ಚೂಪಾಗಿ ಹೊರಗೆ ಬಂದಿರುತ್ತದೆ. ಮುಂದಿನ ಎರಡೂ ರೆಕ್ಕೆಗಳ ನಡುವೆ ಸೂಜಿ ಮೊನೆಯಷ್ಟು ಒಂದೊಂದು ಚುಕ್ಕಿ. ಬಣ್ಣ ಮಾತ್ರ ಒಂದೇ ಅಲ್ಲ. ಒಂದು ತಿಳಿಹಸಿರು, ಇನ್ನೊಂದು ಬೂದಿ ಬಣ್ಣ, ಮತ್ತೊಂದು ಹುರಿದ ಗೋಧಿಯ ಹಾಗೆ ಕೆಂಪು. ಒಂದೇ ಜಾತಿ ಎಂದು ಹೇಳಿದರೆ ನಂಬುವುದು ಕಷ್ಟ. ಅದಕ್ಕೇ ಇವರು ಹೇಳುತ್ತಿದ್ದರು: ಬಣ್ಣ ನಂಬಬೇಡ, ಗೆರೆ ನೋಡು. ಮುಂದಿನ ರೆಕ್ಕೆಯ ತುದಿಯಿಂದ ಒಂದು ಗೆರೆ ಓರೆಯಾಗಿ ಇಳಿದು, ಹಿಂದಿನ ರೆಕ್ಕೆಗೆ ದಾಟಿ, ಒಳಅಂಚಿನ ತನಕ ಹೋಗುತ್ತದೆ. ಪಟ್ಟಿ ಹಿಡಿದು ಎಳೆದ ಹಾಗೆ ನೆಟ್ಟಗೆ. ಎರಡು ರೆಕ್ಕೆ ಬೇರೆ ಬೇರೆ ಎಂಬುದು ಆ ಗೆರೆಗೆ ಗೊತ್ತೇ ಇಲ್ಲ.

ಕೃಷಿ ಕಡೆಯ ಸಾಹೇಬರು ಅದಕ್ಕೆ ಟ್ರಾಮಿಂಡಾ ಎಂಬ ಹೆಸರು ಹೇಳಿ ಹೋಗಿದ್ದರು. ಹೆಸರಿನ ಎರಡನೆಯ ಅರ್ಧ ನನಗೆ ನೆನಪಿಲ್ಲ. ನಾವು ಜಾಲಿ ಪತಂಗ ಎನ್ನುತ್ತಿದ್ದೆವು.

ಇವರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಇವರಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಮದುವೆಯಾಗಿ ಮೂರನೆಯ ವರ್ಷ ಹೇಳಿದ ಸುಳ್ಳು. ಅದು ಇವರಿಗೆ ಗೊತ್ತಿತ್ತೋ ಇಲ್ಲವೋ ಎಂಬ ಸಂಶಯ ಒಂದನ್ನು ಇಟ್ಟುಕೊಂಡೇ ಇಷ್ಟು ವರ್ಷ ಇವರಿಗೆ ರೊಟ್ಟಿ ಬಡಿದು ಹಾಕಿದೆ. ಆ ಸುಳ್ಳಿನಲ್ಲಿ ಈ ಪತಂಗವೂ ಇದೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಊರು ಮೊರಬದ ಆಚೆ, ನವಲಗುಂದ ತಾಲೂಕಿನ ಎರೆಭೂಮಿಯಲ್ಲಿದೆ. ಹಿಂಗಾರಿಗೆ ಕಡ್ಲಿ ಬಿಟ್ಟರೆ ಜೋಳ, ಜೋಳ ಬಿಟ್ಟರೆ ಕಡ್ಲಿ. ಕಡ್ಲಿಗೆ ಕಾಯಿಕೊರಕದ ಕಾಟ. ಯಾವ ದಿನಗಳಲ್ಲಿ ಅದರ ಪತಂಗ ಹೆಚ್ಚು ಹಾರಾಡುತ್ತದೆ ಎಂದು ತಿಳಿದುಕೊಳ್ಳಲು ಕೃಷಿ ಕಡೆಯವರು ಕೆಲವು ಊರುಗಳಲ್ಲಿ ದೀಪ ಹಾಕಿಸಿದ್ದರು. ನಮ್ಮೂರಿಗೆ ಬಂದ ದೀಪವನ್ನು ನೋಡಿಕೊಳ್ಳುವ ಕೆಲಸ ಇವರಿಗೆ ಸಿಕ್ಕಿತು. ಹತ್ತನೆಯ ಇಯತ್ತೆ ಪಾಸಾಗಿದ್ದರು, ಅಕ್ಷರ ಚಂದ ಇತ್ತು, ಹೊಲವೂ ಊರಿಗೆ ಹತ್ತಿರ. ಬದುವಿನ ಮೇಲೆ ಒಂದು ಕಂಬ, ಕಂಬಕ್ಕೆ ತಗಡಿನ ಟೋಪಿ, ಟೋಪಿಯ ಕೆಳಗೆ ಕಂದೀಲು. ಕಂದೀಲಿನ ಕೆಳಗೆ ಎಣ್ಣೆ ಸುರಿಯುವ ಲಾಳಿಕೆಯಂಥ ಅಗಲ ತಗಡು, ಅದರ ಬಾಯಿಗೆ ಒಂದು ಡಬ್ಬಿ. ಡಬ್ಬಿಯೊಳಗೆ ಔಷಧಿ ಹಚ್ಚಿದ ಅರಳೆ. ಹೊತ್ತು ಮುಳುಗುವಾಗ ಹಚ್ಚಿ ಬರಬೇಕು, ಬೆಳಿಗ್ಗೆ ಹೋಗಿ ಆರಿಸಿ ಡಬ್ಬಿ ತರಬೇಕು, ಬಿದ್ದ ಹುಳವನ್ನು ಜಾತಿ ಬಿಡಿಸಿ ಎಣಿಸಿ ವಹಿಯಲ್ಲಿ ಬರೆಯಬೇಕು. ಊರವರು ಅದಕ್ಕೆ ಹುಳದ ದೀಪ ಎಂದು ಹೆಸರಿಟ್ಟರು. ಇವರಿಗೂ ಅದೇ ಹೆಸರು ಸ್ವಲ್ಪ ದಿನ ಅಂಟಿತ್ತು.

ಬೆಳಿಗ್ಗೆ ಪಡಸಾಲಿಯಲ್ಲಿ ಹಳೆಯ ಪೇಪರು ಹಾಸಿ ಡಬ್ಬಿ ಸುರುವುತ್ತಿದ್ದರು. ನಾನು ಕಸ ಹೊಡೆಯುತ್ತ ನಿಂತು ನೋಡುತ್ತಿದ್ದೆ. ಹಾಗೆ ನೋಡುತ್ತ ನೋಡುತ್ತ ಕೂತೆ. ಕಾಯಿಕೊರಕದ್ದು ದಪ್ಪ ಮೈ, ಕೊರಳ ಮೇಲೆ ಉಣ್ಣೆಯಂಥ ಕೂದಲು, ಹಿಂದಿನ ರೆಕ್ಕೆಯ ಅಂಚಿಗೆ ಮಸಿ ಬಳಿದಂಥ ಕಪ್ಪು ಪಟ್ಟಿ. ಅದನ್ನು ಯಾರಾದರೂ ಗುರುತಿಸಬಹುದು. ತಂಟೆ ಇದ್ದದ್ದು ಜಾಲಿ ಪತಂಗದ್ದೇ. ಹೊಲದ ತಗ್ಗಿಗೆ ಹಳ್ಳ, ಹಳ್ಳದ ದಂಡೆಯ ತುಂಬ ಕರಿಜಾಲಿ. ಅಲ್ಲಿಂದ ಬರುವ ಪತಂಗ ಡಬ್ಬಿಯ ಅರ್ಧ ತುಂಬುತ್ತಿತ್ತು. ಡಬ್ಬಿ ತುಂಬಿದ್ದನ್ನು ನೋಡಿದವರು ಎಲ್ಲವೂ ಕಾಯಿಕೊರಕವೇ ಎಂದು ಎದೆ ಒಡೆದುಕೊಳ್ಳುತ್ತಿದ್ದರು.

ಹೆಚ್ಚು ನೋಡಿದವರು ಬದುವಿನ ಆಚೆಯ ಹೊಲದ ಕಾಕಾ. ಇವರ ಅಪ್ಪನಿಗೆ ದೂರದ ಅಣ್ಣತಮ್ಮಂದಿರ ಪೈಕಿ, ಆದರೆ ಮಾವ ತೀರಿದ ಮೇಲೆ ನಮ್ಮ ಹೊಲಕ್ಕೆ ಮೊದಲ ವರ್ಷ ಕೂರಿಗೆ ಹೂಡಿ ಬಿತ್ತಿಕೊಟ್ಟವರು ಅವರೇ. ಎಳ್ಳ ಅಮಾವಾಸ್ಯೆಯ ಹೊಲದ ಹಬ್ಬಕ್ಕೆ, ನಮ್ಮ ಎಳ್ಳಮಾಸಿಗೆ, ಎರಡೂ ಮನೆಯ ಬುತ್ತಿ ಒಂದೇ ಬನ್ನಿ ಗಿಡದ ಕೆಳಗೆ ಬಿಚ್ಚುತ್ತಿತ್ತು. ಆ ಕಾಕಾ ದಿನಾ ಮುಂಜಾನೆ ಬದುವಿಗೆ ಬಂದು, ಇವರು ಡಬ್ಬಿ ಬಿಚ್ಚುವುದನ್ನು ಕಾಯ್ದು ನಿಂತು, ಒಳಗೆ ಇಣುಕಿ, ಏನೂ ಮಾತಾಡದೆ ಹೋಗುತ್ತಿದ್ದರು. ಎಂಟು ದಿನ ಕಳೆದ ಮೇಲೆ ಊರ ಬಾಗಿಲ ಅಗಸಿಯಲ್ಲಿ ನಾಲ್ಕು ಮಂದಿಯ ಮುಂದೆ ಆಡಿದರಂತೆ: ಏಳೂರಿನ ಹುಳಕ್ಕೆ ಔತಣ ಕೊಟ್ಟು ಕರೆಸಿ, ಬರುವ ದಾರಿಯಲ್ಲಿ ನನ್ನ ಕಡ್ಲಿ ಮೇಯಿಸಿ, ಉಳಿದದ್ದನ್ನು ಡಬ್ಬಿಗೆ ತುಂಬಿ ಎಣಿಸುತ್ತಾನೆ ಇವ. ಇನ್ನೊಂದು ವಾರ ನೋಡಿ ಆ ಕಂದೀಲನ್ನು ಬಾವಿಗೆ ಹಾಕುತ್ತೇನೆ ಎಂದೂ ಅಂದರಂತೆ.

ಇವರಿಗೆ ಸಿಟ್ಟು ಬರಲಿಲ್ಲ. ತಿಳಿಸಿ ಹೇಳಿದರೆ ಆಯಿತು ಎಂದರು. ಕಾಕಾನಿಗೆ ಎರಡೂ ಪತಂಗ ತೋರಿಸಿದರು, ಗೆರೆ ತೋರಿಸಿದರು, ಕಪ್ಪು ಪಟ್ಟಿ ತೋರಿಸಿದರು. ಕಾಕಾ ಅದನ್ನೆಲ್ಲ ನೋಡಿ, ಹುಳ ಹುಳವೇ, ನಿನ್ನ ಗೆರೆಯಿಂದ ನನ್ನ ಕಾಯಿ ಉಳಿಯುತ್ತದೇನು ಎಂದು ಕೇಳಿದರಂತೆ.

ಆಗ ಇವರು ಒಂದು ಕೆಲಸ ಮಾಡಿದರು. ಹಳ್ಳದಿಂದ ಜಾಲಿಯ ಟೊಂಗೆ ಮುರಿದು ತಂದು, ನೀರಿನ ಬಾಟಲಿಯಲ್ಲಿ ನಿಲ್ಲಿಸಿ, ಪಡಸಾಲಿಯ ಗೋಡೆಯ ಮಾಡದಲ್ಲಿ ಇಟ್ಟರು. ಆ ಟೊಂಗೆಯ ಮೇಲೆ ಜಾಲಿ ಪತಂಗದ ಮರಿಗಳಿದ್ದವು. ಮೊದಲು ನನಗೆ ಒಂದೂ ಕಾಣಲಿಲ್ಲ. ಇವರು ಬೆರಳು ತೋರಿಸಿದ ಮೇಲೆ, ಒಣ ಕಡ್ಡಿ ಎಂದುಕೊಂಡಿದ್ದು ತಲೆ ಎತ್ತಿತು. ಅದಕ್ಕೆ ಮುಂದೆ ಮೂರು ಜೋಡಿ ಕಾಲು, ಹಿಂದಿನ ತುದಿಗೆ ಎರಡು ಜೋಡಿ. ನಡುವೆ ಬರಿ ಹೊಟ್ಟೆ. ಅದಕ್ಕೇ ನಡೆಯುವಾಗ ಹಿಂದಿನ ಕಾಲನ್ನು ಮುಂದಿನ ಕಾಲಿನ ತನಕ ತಂದು, ಬೆನ್ನು ಬಿಲ್ಲಿನಂತೆ ಎತ್ತಿ, ಮತ್ತೆ ಚಾಚಿಕೊಳ್ಳುತ್ತದೆ. ಕಾಯಿಕೊರಕದ ಮರಿಗೆ ಹೊಟ್ಟೆಯ ಕೆಳಗೂ ಸಾಲು ಕಾಲಿವೆ, ಅದು ಹೀಗೆ ಬೆನ್ನು ಎತ್ತುವುದಿಲ್ಲ. ಇವರು ಇದರ ಮುಂದೆ ಕಡ್ಲಿ ಸೊಪ್ಪು ಇಟ್ಟರು. ಎರಡು ದಿನ ಉಪವಾಸ ಬಿತ್ತೇ ಹೊರತು ಬಾಯಿ ಹಾಕಲಿಲ್ಲ. ಜಾಲಿ ಸೊಪ್ಪು ಕೊಟ್ಟ ಕೂಡಲೇ ತಿಂದಿತು. ಇದು ಕೋಶ ಕಟ್ಟಿ ಪತಂಗವಾದ ದಿನ ಕಾಕಾನನ್ನು ಮನೆಗೆ ಕರೆದು ತೋರಿಸಬೇಕು ಎಂಬುದು ಇವರ ಆಸೆಯಾಗಿತ್ತು. ಸಣ್ಣ ಆಸೆಯೇ. ಆದರೆ ಆ ಹುಳವನ್ನು ನಮ್ಮ ಕಡೆ ಗೇಣು ಹುಳ ಎನ್ನುತ್ತಿದ್ದರು, ಅದನ್ನು ಮನೆಯೊಳಗೆ ಯಾರೂ ತರುವುದಿಲ್ಲ ಎಂಬುದು ಇವರಿಗೆ ಹೊಳೆಯಲೇ ಇಲ್ಲ.

ನಾನು ಆಗ ಐದು ತಿಂಗಳ ಬಸುರಿ. ಹಿಂದಿನ ವರ್ಷ ಐದನೆಯ ತಿಂಗಳಲ್ಲೇ ಒಂದು ಹೋಗಿತ್ತು. ಅದಾದ ಮೇಲೆ ನಾನು ಯಾವುದನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಬೆಕ್ಕು ಹೊಸ್ತಿಲ ಮೇಲೆ ಮಲಗಿದರೆ ಅದರ ಮುಖ ಯಾವ ಕಡೆ ಎಂದು ನೋಡುತ್ತಿದ್ದೆ. ಯಾರಾದರೂ ನನ್ನ ಹೊಟ್ಟೆ ನೋಡಿ ನಕ್ಕರೆ ಯಾಕೆ ನಕ್ಕರು ಎಂದು ಮನೆಗೆ ಬಂದು ಲೆಕ್ಕ ಹಾಕುತ್ತಿದ್ದೆ. ತವರಿನವರು ಅಣ್ಣಿಗೇರಿಯಿಂದ ಕಳಿಸಿದ ಉಂಡಿಯನ್ನೂ ಮೊದಲು ಅತ್ತೆ ತಿಂದ ಮೇಲೆಯೇ ತಿಂದೆ. ಇದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಒಂದು ಮುಂಜಾನೆ ಪಡಸಾಲಿಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಅತ್ತೆ ಬಂದವರು ನನ್ನ ಹೆಗಲು ನೋಡುತ್ತ ನಿಂತರು. ಆಮೇಲೆ ಎರಡು ಬೆರಳಿನಿಂದ ಏನನ್ನೋ ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. ಗೇಣು ಹುಳ.

"ಎಲ್ಲಿಂದ ಹತ್ತೈತಿ ಇದು? ಕಾಲಾಗಿಂದ ಬಂತೇನು?"

"ಗೊತ್ತಿಲ್ಲರಿ ಅತ್ತಿ."

"ನೋಡ್ಕೋಬೇಕವಾ ತಂಗಿ. ಇಂಥಾ ಹೊತ್ತಿನ್ಯಾಗ ನೋಡ್ಕೋಬೇಕು."

ಅವರು ಹೆಚ್ಚು ಹೇಳಲಿಲ್ಲ, ಹೇಳುವುದು ಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುತ್ತಾರೆ. ಕುಣಿ ತೋಡುವ ಮೊದಲು ಸತ್ತವರ ಪಾದದ ಅಳತೆ ತೆಗೆದುಕೊಳ್ಳುತ್ತಾರೆ. ಗೇಣು ಹುಳ ಯಾರ ಮೈ ಮೇಲೆ ಕಾಲಿನಿಂದ ತಲೆಯ ತನಕ ಗೇಣು ಹಾಕುತ್ತ ಹೋಗುತ್ತದೋ ಅವರ ಕುಣಿಯ ಅಳತೆ ಮುಗಿಯಿತು ಎಂದು ನನ್ನ ತವರಿನಲ್ಲೂ ಹೇಳುತ್ತಿದ್ದರು, ಇಲ್ಲೂ ಹೇಳುತ್ತಿದ್ದರು. ಹೆಗಲ ತನಕ ಬಂದಿತ್ತು. ಕಾಲಿನಿಂದ ಬಂದಿತ್ತೋ, ಗೋಡೆಗೆ ಒರಗಿದಾಗ ಮಾಡದಿಂದ ನೇರ ಹೆಗಲಿಗೆ ಇಳಿದಿತ್ತೋ, ಯಾರು ನೋಡಿದರು? ಆದರೆ ಅದು ದಾಟಿ ಬಂದದ್ದು ನನ್ನ ಹೊಟ್ಟೆಯ ಮೇಲೆಯೇ ಎಂದು ನನ್ನ ಮನಸ್ಸು ಹಿಡಿದುಬಿಟ್ಟಿತು. ಅಳತೆ ನನ್ನದಲ್ಲ, ಒಳಗಿದ್ದದ್ದರದ್ದು.

ಅವತ್ತಿನಿಂದ ನನಗೆ ಕಾಕಾನ ಮಾತೇ ಸರಿ ಎನ್ನಿಸತೊಡಗಿತು. ಈ ದೀಪ ಕರೆಯುತ್ತದೆ. ಕಡ್ಲಿ ತಿನ್ನುವ ಹುಳವನ್ನೂ ಕರೆಯುತ್ತದೆ, ಜೊತೆಗೆ ಬೇರೆ ಏನನ್ನೋ ಕರೆಯುತ್ತದೆ. ಇವರ ಮೇಲೂ ಸಂಶಯ ಬಂತು. ಇವರಿಗೆ ನನ್ನ ಹೊಟ್ಟೆಗಿಂತ ಆ ಬಾಟಲಿಯ ಕಾಳಜಿ ಹೆಚ್ಚು ಎಂದುಕೊಂಡೆ. ಟೊಂಗೆ ತೆಗೆಯಿರಿ ಎಂದು ಹೇಳಿದೆ. ಇನ್ನೇನು ಕೋಶ ಕಟ್ಟುತ್ತದೆ, ನಾಲ್ಕು ದಿನ ತಡಿ ಎಂದರು. ಆ ನಾಲ್ಕು ದಿನ ಎಂಬ ಮಾತು ನನಗೆ ಹೊಟ್ಟೆಯ ಕೂಸಿಗೆ ಉಳಿದ ದಿನ ಎಣಿಸಿದ ಹಾಗೆ ಕೇಳಿಸಿತು.

ಬರೆದ ಕಾಗದಗಳನ್ನು ವಾರಕ್ಕೊಮ್ಮೆ ಇವರು ಅಣ್ಣಿಗೇರಿಗೆ ಒಯ್ದು ಕೊಡುತ್ತಿದ್ದರು. ಅಂಥ ಒಂದು ದಿನ, ಊಟವಾಗಿ ಅತ್ತೆ ಅಡ್ಡಾಗಿದ್ದಾಗ, ನಾನು ಹಿತ್ತಲ ಬಾಗಿಲಿಂದ ಹೊರಬಿದ್ದೆ. ಹಸಿರು ಸೀರೆ ಉಟ್ಟಿದ್ದೆ. ಹಾದಿಯಲ್ಲಿ ಯಾರೂ ಸಿಗಲಿಲ್ಲ, ಸಿಕ್ಕಿದ್ದರೆ ಕಡ್ಲಿ ಪಲ್ಯ ಹರಿಯಲು ಹೊರಟೆ ಎಂದು ಹೇಳಬೇಕೆಂದಿದ್ದೆ. ಬದುವಿಗೆ ಹೋಗಿ ಕಂದೀಲಿನ ಗ್ಲಾಸು ಬಿಚ್ಚಿದೆ. ಗ್ಲಾಸಿನ ಬುಡಕ್ಕೆ, ಟೋಪಿಯ ನೆರಳಲ್ಲಿ, ಒಂದು ಪತಂಗ ಹಗಲು ಕಳೆಯುತ್ತ ಅಂಟಿಕೊಂಡಿತ್ತು. ನಾನು ನೋಡಿರಲಿಲ್ಲ. ಅದು ಒಮ್ಮೆಲೇ ಎದ್ದು ನನ್ನ ಮುಖಕ್ಕೆ ಬಡಿಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡು ಕೈ ಬೀಸಿದೆ.

ಆಗ ಗ್ಲಾಸು ಕೈ ಜಾರಿ ಬಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಜಾರಲಿಲ್ಲ. ಬದುವಿನ ಕಲ್ಲಿಗೆ ಹೊಡೆದು ಒಡೆದೆ.

ಮನೆಗೆ ಬಂದಾಗ ಅತ್ತೆ ಎದ್ದು ಕೂತಿದ್ದರು. ನನ್ನ ಕಾಲಿಗೆ ಹತ್ತಿದ ಕರಿ ಧೂಳು ನೋಡಿದರು. ಏನೂ ಕೇಳದೆ ಒಂದು ತಂಬಿಗೆ ನೀರು ತಂದು ಮುಂದಿಟ್ಟರು. ನಾನು ಕಾಲು ತೊಳೆದುಕೊಂಡು, ಸೀರೆ ಬದಲಿಸಿ, ಆ ಹಸಿರು ಸೀರೆಯನ್ನು ಮಡಚಿ ಒಗೆಯುವ ಗಂಟಿನೊಳಗೆ ತುರುಕಿದೆ. ಅತ್ತೆಗೆ ಗೊತ್ತಾಗಿತ್ತೋ ಇಲ್ಲವೋ ಎಂಬುದೂ ನನಗೆ ಈವರೆಗೆ ಗೊತ್ತಿಲ್ಲ. ಅವರು ಹೋಗಿ ಬಹಳ ವರ್ಷವಾಯಿತು.

ಸಂಜೆ ದೀಪ ಹಚ್ಚಲು ಹೋದ ಇವರು ಬರಿಗೈಯಿಂದ ತಿರುಗಿ ಬಂದರು.  ಮಾರನೆಯ ಬೆಳಿಗ್ಗೆ ನೇರ ಕಾಕಾನ ದನದ ಕೊಟ್ಟಿಗೆಗೆ ಹೋದರು. ಅಲ್ಲಿ ನಡೆದದ್ದನ್ನು ನಾನು ನಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತ ಕೇಳಿದೆ. ಎರಡು ಮನೆಗಳ ನಡುವೆ ಒಂದು ಓಣಿ ಅಷ್ಟೇ. ಇವರು ಅಷ್ಟು ದೊಡ್ಡ ದನಿ ತೆಗೆದದ್ದನ್ನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಊರ ಮುಂದೆ ಹೇಳಿದಂತೆಯೇ ಮಾಡಿದಿ ಎಂದರು, ಅಪ್ಪನ ಜಾಗದಲ್ಲಿ ಇಟ್ಟುಕೊಂಡಿದ್ದೆ ಎಂದರು. ಕಾಕಾ ಸಗಣಿ ಬಳಿಯುವುದನ್ನು ನಿಲ್ಲಿಸಲಿಲ್ಲ. ಸಲಿಕೆಯ ಸಪ್ಪಳ ನನಗೆ ಕೇಳಿಸುತ್ತಲೇ ಇತ್ತು. ಕಡೆಗೆ ಅವರು ಅಂದದ್ದು ಇಷ್ಟು:

"ಲೇ ತಮ್ಮಾ, ನಾ ಒಡದಿದ್ರ ಆ ಚೂರು ತಂದು ನಿನ್ನ ಕೈಯಾಗ ಕೊಟ್ಟು, ಒಡದೀನಿ ನೋಡು ಅಂತಿದ್ದೆ. ಮಂದಿ ಇಲ್ಲದಾಗ ಒಡಿಯೂ ಮನಷ್ಯಾ ಅಲ್ಲ ನಾ. ಹೋಗು, ನಿಮ್ಮನ್ಯಾಗ ಹುಡುಕು."

ಕಡೆಯ ಮಾತನ್ನು ಅವರು ಸಿಟ್ಟಿಗೆ ಆಡಿದ್ದರೋ, ಏನಾದರೂ ಕಂಡು ಆಡಿದ್ದರೋ? ಅವರ ಹೊಲದಿಂದ ನಮ್ಮ ಬದು ಕಾಣುತ್ತದೆ. ಮೆಣಸಿನಕಾಯಿಯ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತುಬಿಟ್ಟೆ. ಆಮೇಲೆ ಕಣ್ಣಿಗೆ ಕೈ ಹೋಗಿ ಇಡೀ ದಿನ ಉರಿಯಿತು. ಆ ನೆಪದಲ್ಲಿ ನಾನು ಅತ್ತುಬಿಟ್ಟೆ.

ಮೂರು ದಿನ ಇವರು ಕಾಕಾನ ಹೆಸರು ತೆಗೆದು ಬೈಯುತ್ತಲೇ ಇದ್ದರು. ನಾಲ್ಕನೆಯ ದಿನ ಒಮ್ಮೆಲೇ ನಿಂತಿತು. ಆ ತಿಂಗಳು ನನಗೆ ಭಾರ ಎತ್ತಬಾರದು ಎಂದು ಒಗೆಯುವ ಗಂಟನ್ನು ಇವರು ಸೈಕಲ್ಲಿನ ಮೇಲೆ ಕೆರೆಗೆ ಒಯ್ದು ಕೊಡುತ್ತಿದ್ದರು, ಅತ್ತೆ ಹಿಂದಿನಿಂದ ನಡೆದು ಹೋಗಿ ಒಗೆಯುತ್ತಿದ್ದರು. ಅವತ್ತು ಕೆರೆಯಿಂದ ಬಂದವರು ಮಾಡದ ಮುಂದೆ ಸ್ವಲ್ಪ ಹೊತ್ತು ನಿಂತರು. ಜಾಲಿ ಟೊಂಗೆಯ ಬಾಟಲಿ ಎತ್ತಿಕೊಂಡು ಹೊರಗೆ ಹೋಗಿ, ಹಳ್ಳದಲ್ಲಿ ಚೆಲ್ಲಿ, ಬರಿ ಬಾಟಲಿ ತಂದರು. ಕೋಶ ಕಟ್ಟಲು ಒಂದೇ ದಿನ ಉಳಿದಿತ್ತು ಎಂದು ಹಿಂದಿನ ಸಂಜೆ ತಾವೇ ಹೇಳಿದ್ದರು. ಆಮೇಲೆ ಒಲೆಯ ಮುಂದೆ ಕೂತಿದ್ದ ನನ್ನ ಹತ್ತಿರ ಬಂದು ನಿಂತರು.

"ಆವತ್ತ ಹೊಲದ ಕಡೆ ಹೋಗಿದ್ದೇನು?"

"ಇಲ್ಲರಿ."

ಇವರು ನನ್ನ ಮುಖ ನೋಡಲಿಲ್ಲ. ಹೊಟ್ಟೆ ನೋಡಿದರು. "ರೊಟ್ಟಿ ಸೀದೀತು, ತಿರುವಿ ಹಾಕು" ಎಂದರು. ಹೊರಗೆ ಹೋದರು.

ಇದೇ ನಾನು ಹೇಳಿದ ಸುಳ್ಳು. ಮೂರೇ ಅಕ್ಷರ. ಮತ್ತೆ ಇವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೊಸ ಗ್ಲಾಸು ತಂದು ದೀಪ ಹಚ್ಚಬಹುದಿತ್ತು. ಇವರು ಹಚ್ಚಲಿಲ್ಲ. ಕಂಬ, ಟೋಪಿ, ಡಬ್ಬಿ ಎಲ್ಲವನ್ನೂ ಚಕ್ಕಡಿಯಲ್ಲಿ ಹೇರಿ ಅಣ್ಣಿಗೇರಿಗೆ ಒಯ್ದು ಒಪ್ಪಿಸಿ ಬಂದರು. ಕೆಲಸ ಹೋಯಿತು. ಇನ್ನೊಂದು ವರ್ಷ ಹುಳದ ದೀಪ ಚೆನ್ನಾಗಿ ನಡೆಸಿದ್ದರೆ ಸಾಹೇಬರು ಇವರನ್ನು ಕಾಯಂ ಮಾಡಿಸುವ ಮಾತು ಆಡಿದ್ದರು ಎಂದು ನನಗೆ ಆಮೇಲೆ ಯಾರೋ ಹೇಳಿದರು. ಇವರು ಹೇಳಲಿಲ್ಲ.

ಆ ಸಲ ಎಳ್ಳಮಾಸಿಗೆ ಬನ್ನಿ ಗಿಡದ ಕೆಳಗೆ ನಮ್ಮ ಬುತ್ತಿ ಒಂದೇ ಬಿಚ್ಚಿತು. ಬದುವಿನ ಆಚೆ ಕಾಕಾ, ಅವರ ಹೆಂಡತಿ ಚಿಗವ್ವ ತಮ್ಮ ಹೊಲದ ನಡುವೆ ಬಿಸಿಲಲ್ಲೇ ಕೂತು ಉಂಡರು. ಅವರು ಭೂಮಿತಾಯಿಗೆ ಎಡೆಯ ಚರಗ ಚೆಲ್ಲುತ್ತ ಬದುವಿನ ತನಕ ಬಂದು ತಿರುಗಿದರು. ಇವರೂ ಈ ಕಡೆಯಿಂದ ಬದುವಿನ ತನಕ ಹೋಗಿ ತಿರುಗಿದರು. ಇಬ್ಬರ ಕೈಯಲ್ಲೂ ಅದೇ ಸಜ್ಜಿ ರೊಟ್ಟಿ, ಅದೇ ಪುಂಡಿಪಲ್ಯ. ಕಾಕಾ ಒಡೆದಿಲ್ಲ ಎಂದು ಗೊತ್ತಿದ್ದವಳು ಬದುವಿನ ಈ ಕಡೆ ನಾನೊಬ್ಬಳೇ ಎಂದು ನಾನು ತಿಳಿದಿದ್ದೆ. 

ಮಗಳು ಹುಟ್ಟಿದಳು, ಉಳಿದಳು. ಬೆಳೆಯುತ್ತಲೂ ಹೋದಳು. ಅವಳನ್ನು ನೋಡಿದಾಗಲೆಲ್ಲ ಗ್ಲಾಸು ಒಡೆದಿದ್ದಕ್ಕೇ ಉಳಿದಳು ಎಂದು ಒಂದು ಮನಸ್ಸು ಹೇಳುತ್ತಿತ್ತು. ಹಾಗಾದರೆ ಕಾಕಾನ ಮೇಲೆ ಬಂದ ಮಾತು ಅದರ ಬೆಲೆ ಎಂದು ಇನ್ನೊಂದು ಮನಸ್ಸು. ಎರಡನ್ನೂ ನಾನು ಪೂರ್ತಿ ನಂಬಲಿಲ್ಲ, ಪೂರ್ತಿ ಬಿಡಲೂ ಇಲ್ಲ. ಹತ್ತು ವರ್ಷದ ಮೇಲೆ ಕಾಕಾ ತೀರಿದರು. ಅಷ್ಟೂ ವರ್ಷ ಊರಲ್ಲಿ ಹುಳದ ದೀಪದ ಮಾತು ಬಂದರೆ, ಕಾಕಾ ಒಡೆದನಲ್ಲ ಅದಾ, ಎಂದೇ ಹೇಳುತ್ತಿದ್ದರು. ಮಣ್ಣಿಗೆ ಇವರು ಹೋಗಿದ್ದರು. ಬಂದು ಸ್ನಾನ ಮಾಡಿ, ಅವತ್ತು ಊಟ ಬೇಡ ಎಂದರು.

ಇವರ ಮೇಲೆ ನನಗಿದ್ದ ಸಂಶಯ ಈ ಥರದ್ದು. ಮನೆಯ ಗೋಡೆಯ ಮೇಲೆ ಜಾಲಿ ಪತಂಗ ಕೂತರೆ ನನ್ನನ್ನು ಕರೆದು ತೋರಿಸುತ್ತಿದ್ದರು. ನೋಡು, ಈ ಸಲ ಬೂದಿ ಬಣ್ಣದ್ದು, ಗೆರೆ ಅದೇ. ಸುಮ್ಮನೆ ತೋರಿಸುತ್ತಿದ್ದರೋ, ನನ್ನ ಮುಖ ನೋಡಲು ತೋರಿಸುತ್ತಿದ್ದರೋ? ನಾನು ಪತಂಗ ನೋಡುವ ಬದಲು ಇವರನ್ನು ನೋಡುತ್ತಿದ್ದೆ. ಇವರು ಪತಂಗವನ್ನೇ ನೋಡುತ್ತಿದ್ದರು.

ಇವರು ಹೋಗಿ ಮೂರು ತಿಂಗಳಾದ ಮೇಲೆ ಟ್ರಂಕು ತೆಗೆದೆ. ಪಹಣಿ ಬೇಕಾಗಿತ್ತು. ತಳದಲ್ಲಿ ಆ ಕಾಲದ ವಹಿ ಸಿಕ್ಕಿತು. ಕಚೇರಿಗೆ ಬರೆದುಕೊಟ್ಟದ್ದಲ್ಲದೆ ಮನೆಯಲ್ಲೂ ಒಂದು ಬರೆದಿಟ್ಟಿದ್ದರು. ತಾರೀಖು, ಕಾಯಿಕೊರಕ ಇಷ್ಟು, ಜಾಲಿ ಇಷ್ಟು, ಇತರೆ ಇಷ್ಟು. ಕಡೆಯ ಪುಟದಲ್ಲಿ "ದೀಪ ಹಚ್ಚಿಲ್ಲ" ಎಂದಿತ್ತು. ಕಾರಣ ಎಂಬಲ್ಲಿ ಮೊದಲು ಏನೋ ಬರೆದು, ಕಾಗದ ಹರಿಯುವಷ್ಟು ಗೀಚಿ, ಅದರ ಮಗ್ಗುಲಿಗೆ ಬೇರೆ ಶಾಯಿಯಲ್ಲಿ "ಗಾಳಿ" ಎಂದು ಬರೆದಿದ್ದರು. ಗೀಚಿದ್ದನ್ನು ಬೆಳಕಿಗೆ ಹಿಡಿದು ನೋಡಿದೆ. ಕಾಕಾ ಎಂಬುದರ ಎರಡು "ಕಾ" ತಿಳಿಯುತ್ತಿತ್ತು.

ವಹಿಯ ಕೆಳಗೆ ಊದಿನಕಡ್ಡಿಯ ಖಾಲಿ ಪೆಟ್ಟಿಗೆ, ದಾರ ಸುತ್ತಿದ್ದು. ಒಳಗೆ ಅರಳೆ, ಅರಳೆಯ ಮೇಲೆ ಬಿಳಿ ಕಾಗದ, ಕಾಗದದ ಮೇಲೆ ಒಂದು ಜಾಲಿ ಪತಂಗ. ತಿಳಿಹಸಿರು ಬಣ್ಣ ಒಣಗಿ ಹುಲ್ಲಿನ ಹಾಗಾಗಿದೆ. ಅದಕ್ಕೆ ಮೂರೇ ರೆಕ್ಕೆ. ಬಲಗಡೆಯ ಮುಂದಿನ ರೆಕ್ಕೆ ಮೈಗೆ ಅಂಟಿಲ್ಲ. ಅದನ್ನು ಬೇರೆಯಾಗಿ, ಇರಬೇಕಾದ ಜಾಗದಲ್ಲೇ, ಕೂದಲೆಳೆಯಷ್ಟು ಸಂದು ಬಿಟ್ಟು, ಗೋಂದು ಹಚ್ಚಿ ಕೂಡ್ರಿಸಿದ್ದಾರೆ. ಇವರು ಯಾವ ಹುಳವನ್ನು ಇಟ್ಟರೂ ಸಿಕ್ಕ ಜಾಗ ಬರೆಯುತ್ತಿದ್ದರು. ಇಲ್ಲೂ ಬರೆದಿದ್ದರು, ಎರಡು ಚೀಟಿ.

ರೆಕ್ಕೆಯ ಹತ್ತಿರದ ಚೀಟಿ: "ಬದುವಿನ ಕಲ್ಲಿನ ಹತ್ತಿರ, ಗ್ಲಾಸಿನ ಚೂರಿನೊಳಗೆ."

ಮೈಯ ಕೆಳಗಿನ ಚೀಟಿ: "ಒಗೆಯುವ ಗಂಟು. ಹಸಿರು ಸೀರೆ, ಸೆರಗಿನ ಮಡಿಕೆ."

ಎರಡಕ್ಕೂ ಸೇರಿ ಕೆಳಗೆ, ಸಣ್ಣ ಅಕ್ಷರದಲ್ಲಿ: "ಗೆರೆ ಕೂಡುತ್ತದೆ."

ಕನ್ನಡಕ ಹಾಕಿಕೊಂಡು ನಾನೂ ನೋಡಿದೆ. ಕೂಡುತ್ತದೆ. ಆ ಬಿಡಿ ರೆಕ್ಕೆಯ ತುದಿಯಿಂದ ಹೊರಟ ಗೆರೆ ಸಂದು ದಾಟಿ ಹಿಂದಿನ ರೆಕ್ಕೆಯ ಗೆರೆಗೆ ನೆಟ್ಟಗೆ ಹೋಗಿ ಸೇರುತ್ತದೆ. ಹಸಿರಿನ ಹದವೂ ಒಂದೇ. ಬೇರೆ ಪತಂಗದ ರೆಕ್ಕೆಯಾಗಿದ್ದರೆ ಒಂದಲ್ಲ ಒಂದು ಕಡೆ ತಪ್ಪುತ್ತಿತ್ತು. ಒಡೆದ ಚೂರು ಆರಿಸುವಾಗ ರೆಕ್ಕೆಯೊಂದನ್ನು ರೂಢಿಯಂತೆ ಎತ್ತಿಟ್ಟುಕೊಂಡಿದ್ದಾರೆ. ಮೂರು ದಿನ ಬಿಟ್ಟು ಕೆರೆಯ ದಂಡೆಯಲ್ಲಿ ಗಂಟು ಬಿಚ್ಚಿದಾಗ ಉಳಿದದ್ದು ಸಿಕ್ಕಿದೆ. ಹಾಗಾದರೆ ಒಲೆಯ ಮುಂದೆ ನನ್ನನ್ನು ಕೇಳುವಾಗ ಇವರಿಗೆ ಗೊತ್ತಿತ್ತು. ನಾನು ಇಲ್ಲ ಎಂದಾಗಲೂ ಗೊತ್ತಿತ್ತು.

ಟ್ರಂಕಿನ ಮುಂದೆ ಎಷ್ಟು ಹೊತ್ತು ಕೂತೆನೋ. ನನ್ನನ್ನು ಉಳಿಸಲು ಕಾಕಾನನ್ನು ಹತ್ತು ವರ್ಷ ಕಳ್ಳನ ಹಾಗೆ ಬಿಟ್ಟರೇ ಎಂದು ಸಿಟ್ಟು ಬಂತು. ಸಿ‍ಟ್ಟು ಮಾಡುವ ಅಧಿಕಾರ ನನಗೆಲ್ಲಿದೆ ಎಂದೂ ಅನ್ನಿಸಿತು. ಇಷ್ಟು ದಿನ ಇವರು ಹೋದರು ಎಂದು ಅತ್ತಿದ್ದೆ. ಅವತ್ತು ಅತ್ತದ್ದು ಇವರು ಇದ್ದಾಗ ನಾನು ಕೇಳದೇ ಹೋದೆ ಎಂದು.

ಚಿಗವ್ವ ಇನ್ನೂ ಇದ್ದಾಳೆ. ವಯಸ್ಸು ಎಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಚುರುಕು. ಎಳ್ಳಮಾಸಿ ಬಂತು. ಎರಡು ಸಜ್ಜಿ ರೊಟ್ಟಿ, ಎಣಗಾಯಿ, ಎಳ್ಳಹೋಳಿಗೆ ಕಟ್ಟಿಕೊಂಡು, ಮಧ್ಯಾಹ್ನ ಓಣಿ ದಾಟಿ ಹೋದೆ. ಪೆಟ್ಟಿಗೆಯನ್ನೂ ಒಯ್ದಿದ್ದೆ. ಅವಳು ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದಳು. ಹಬ್ಬದ ಬುತ್ತಿ ಈ ಓಣಿ ದಾಟಿ ಬಂದದ್ದು ಅವಳಿಗೂ ಹೊಸದು. ಯಾಕೆ ಬಂದೆ ಎಂದು ಕೇಳಲಿಲ್ಲ. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು, ಮೆತ್ತಗಿದೆ ಎಂದಳು. ನಾನು ಎಲ್ಲವನ್ನೂ ಹೇಳಿದೆ. ಗೇಣು ಹುಳದಿಂದ ಹಿಡಿದು ಚೀಟಿಯ ತನಕ. ಹೇಳುವಾಗ ಅವಳ ದವಡೆ ಒಂದೇ ಸಮ ಆಡುತ್ತಿತ್ತು. ಕೇಳುತ್ತಿದ್ದಾಳೋ ಇಲ್ಲವೋ ಎಂದು ಅಲ್ಲೂ ನನಗೆ ಸಂಶಯ.

ಹೋಳಿಗೆ ಮುಗಿಸಿ ಸೆರಗಿಗೆ ಕೈ ಒರೆಸಿಕೊಂಡಳು.

"ನಿನ್ನ ಗಂಡ ಬಂದಿದ್ದ. ನಿಮ್ಮ ಕಾಕಾ ಹಾಸಿಗಿ ಹಿಡದಿದ್ದನಲ್ಲ, ಆವಾಗ. ಹಿತ್ತಲ ಬಾಗಲಾಗಿಂದ ಬಂದ. ಕಾಕಾ, ದೀಪ ನೀ ಒಡದಿಲ್ಲ, ನನಗ ಗೊತ್ತೈತಿ, ತಪ್ಪಾತು ಅಂತ ಕಾಲು ಹಿಡದ."

 ಕಾಕಾ ಏನಂದರು ಎಂದು ಕೇಳಿದೆ.

"ಮತ್ತ ಯಾರು ಒಡದಾರಲೇ ಅಂತ ಕೇಳಿದ. ಇವ ಗಾಳಿ ಅಂದ. ನಿಮ್ಮ ಕಾಕಾ ಭಾಳ ಹೊತ್ತು ಅವನ ಮಾರಿ ನೋಡಿದ. ಆಮ್ಯಾಲೆ, ಹೌದೌದು, ಆ ವರ್ಷ ಗಾಳಿ ಭಾಳಿತ್ತು ಬಿಡು ಅಂದ."

 ನನ್ನ ಕಡೆ ತಿರುಗಿದಳು. ಆ ಮಂಜು ಕಣ್ಣಿಗೆ ನಾನು ಎಷ್ಟು ಕಂಡೆನೋ.

"ನಿಮ್ಮ ಕಾಕಾಗ ತಿಳೀತೋ ಏನೋ ನನಗ ಹೇಳಲಿಲ್ಲ. ನನಗ ತಿಳೀಲಿಲ್ಲ ನೋಡವಾ. ಇಷ್ಟು ವರ್ಷ ಬರೇ ಗಾಳೀನ ಬೈಕೋತ ಕುಂತಿದ್ದೆ."

 ಅವಳು ಕೈ ಚಾಚಿ ಪೆಟ್ಟಿಗೆ ಕೇಳಿದಳು. ಕೊಟ್ಟೆ. ಮೂಗಿನ ತನಕ ತಂದು, ಬಿಸಿಲಿಗೆ ಹಿಡಿದು, ದೂರ ಹಿಡಿದು ನೋಡಿದಳು. ಗೆರೆ ಕಾಣುವುದಿಲ್ಲ, ಎಲ್ಲಿದೆ ತೋರಿಸು ಎಂದು ಬೆರಳು ಮುಂದೆ ತಂದಳು. ಮುಟ್ಟಿದರೆ ಪುಡಿಯಾಗುತ್ತದೆ ಚಿಗವ್ವ ಎಂದು ಅವಳ ಮಣಿಕಟ್ಟು ಹಿಡಿದೆ. ಅವಳ ಬೆರಳನ್ನು ರೆಕ್ಕೆಗೆ ತಾಗದ ಹಾಗೆ ಸ್ವಲ್ಪ ಮೇಲೆ ಎತ್ತಿ ಹಿಡಿದು, ಬಿಡಿ ರೆಕ್ಕೆಯ ತುದಿಯಿಂದ ಒಳಅಂಚಿನ ತನಕ, ಇಲ್ಲಿಂದ ಇಲ್ಲಿಗೆ ಎಂದು ನಡೆಸಿದೆ.